ಜ್ವರಕ್ಕೆ ಕೂತ ಬೆಕ್ಕಿನ ಮರಿ

ರೇಷ್ಮೆ ಸಾಕುವವರ ಮನೆಯಲ್ಲಿ ಜ್ವರ ಎಂದರೆ ಯಾರೂ ಗಾಬರಿ ಬೀಳುವುದಿಲ್ಲ. ಹುಳು ಪೊರೆ ಬಿಡುವುದಕ್ಕೆ ನಾವು ಹೇಳುವ ಮಾತೇ ಜ್ವರ. ಗೂಡು ಕಟ್ಟುವ ಹೊತ್ತಿಗೆ ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಆಗ ಅದು ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ, ಎಂಥ ಎಳೆ ಸೊಪ್ಪು ಹಾಕಿದರೂ ಬಾಯಿ ಹಾಕುವುದಿಲ್ಲ. ಆ ಹೊತ್ತಿನಲ್ಲಿ ಸಾಕುವವನು ಮಾಡಬೇಕಾದ ದೊಡ್ಡ ಕೆಲಸವೆಂದರೆ ಸುಮ್ಮನಿರುವುದು. ಸೊಪ್ಪು ನಿಲ್ಲಿಸಬೇಕು, ಕೈ ಹಚ್ಚಬಾರದು, ಮೇಲೆ ಸುಣ್ಣದ ಪುಡಿ ಉದುರಿಸಿ ಹುಳು ಕೂತ ಸೊಪ್ಪಿನ ಹಾಸಿಗೆ ಒಣಗಿಸಿಡಬೇಕು. ಒಂದು ದಿನವೋ ಒಂದೂವರೆ ದಿನವೋ ಕಳೆದರೆ ಹಳೆ ಚರ್ಮ ಕಳಚಿ ತಾನಾಗಿ ಏಳುತ್ತದೆ. ಎದ್ದ ಮೇಲೆ ಅದರ ಹಸಿವು ನೋಡಬೇಕು.

ಇದನ್ನು ನಾನು ಇಪ್ಪತ್ತೇಳು ವರ್ಷದಿಂದ ಮಾಡಿಕೊಂಡು ಬಂದಿದ್ದೇನೆ. ನಮ್ಮೂರು ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ, ರಸ್ತೆಯಿಂದ ಸ್ವಲ್ಪ ಒಳಕ್ಕೆ. ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಹುಳುಮನೆ. ಸುತ್ತಲಿನವರು ಹುಳಕ್ಕೆ ಏನಾದರೂ ಆದರೆ ನನ್ನನ್ನು ಕೇಳಲು ಬರುತ್ತಾರೆ, ಗೂಡಿನ ಮಾರುಕಟ್ಟೆಯಲ್ಲಿ ನನಗೆ ಜಾಗ ಬಿಟ್ಟು ಕೂರಿಸುತ್ತಾರೆ. ಇದನ್ನೆಲ್ಲ ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ಹೇಡಿತನಕ್ಕೆ ಈ ಮರ್ಯಾದೆಯೇ ಕಾರಣ. ನನ್ನ ಬಾಯಿಗೆ ಬೀಗವಿಲ್ಲ, ತಲೆಗೆ ಬೇಗ ಬಿಸಿ ಏರುತ್ತದೆ, ಗೊತ್ತಿಲ್ಲ ಎಂಬ ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಎರಡು ವರ್ಷದ ಹಿಂದೆ, ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ, ನಮ್ಮ ತೋಟದಲ್ಲಿ ಸೊಪ್ಪು ಕೊಯ್ಯುವ ಅಕ್ಕ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಳು. ಅವಳು ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಕಾಲುವೆಯ ಆಚೆ ಬೀದಿಯವಳು. ನನ್ನ ಮದುವೆಗೆ ಮುಂಚಿನಿಂದಲೂ ನಮ್ಮ ತೋಟಕ್ಕೆ ಬರುತ್ತಿದ್ದಾಳೆ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಅಣ್ಣ ಎನ್ನುತ್ತಿದ್ದಳು. ವಯಸ್ಸಿನ ಲೆಕ್ಕಕ್ಕೆ ಅದು ತಾಳೆಯಾಗುವುದಿಲ್ಲ. ಆದರೆ ಹಾಗೇ ನಡೆದುಕೊಂಡು ಬಂದಿತ್ತು, ಇಬ್ಬರಿಗೂ ಒಗ್ಗಿತ್ತು.

"ಕೊತ್ತಿ ಮರಿ ಕಣಣ್ಣ," ಎಂದಳು. "ಕಡ್ಡಿ ರಾಸಿ ಕೆಳಗಿತ್ತು. ತಾಯಿ ಎಲ್ಲೂ ಕಾಣ್ನಿಲ್ಲ."

ಸೆರಗು ಬಿಡಿಸಿ ನೋಡಿದೆ. ಹಿಡಿಯಷ್ಟಿದ್ದ ಬೂದು ಬಣ್ಣದ ಬೆಕ್ಕಿನ ಮರಿ. ಒಂದು ಕಣ್ಣು ಪಿಸುರು ಅಂಟಿ ಮುಚ್ಚಿಹೋಗಿತ್ತು, ಮೂಗಿನಿಂದ ನೀರು ಇಳಿಯುತ್ತಿತ್ತು. ಒಂದರ ಹಿಂದೆ ಒಂದು ಮೂರು ಸಲ ಸೀನಿತು. ನಾನು ಕೈ ಚಾಚಿದ್ದೇ ತಡ, ಬುಸ್ ಎಂದು ಹೆಬ್ಬೆರಳಿಗೆ ಬಾಯಿ ಹಾಕಿತು. ಯಾರ ಮನೆಯದೂ ಅಲ್ಲದ, ಮನುಷ್ಯರ ಕೈ ಕಾಣದ ಜಾತಿ. ಅವಳ ಕೈಯಲ್ಲಿ ಮಾತ್ರ ಅದು ಹೇಗೋ ಸುಮ್ಮನಿತ್ತು.

ನನಗೆ ಪ್ರೀತಿ ಉಕ್ಕಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಆ ವರ್ಷ ಹುಳುಮನೆಗೆ ಇಲಿ ಕಾಟ ವಿಪರೀತವಾಗಿತ್ತು. ಇಲಿಗೆ ಹುಳವೆಂದರೆ ಹಬ್ಬದೂಟ. ಒಂದು ಬೆಕ್ಕಿದ್ದರೆ ಆಗುತ್ತದಲ್ಲ ಎಂದುಕೊಂಡೆ, ಅಷ್ಟೆ. ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಹನೂರಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬನೇ, ಬೇಡ ಎನ್ನುವವರು ಯಾರೂ ಇರಲಿಲ್ಲ. ಸೊಪ್ಪು ತುಂಬುವ ಹಳೆ ಬುಟ್ಟಿಯೊಂದಕ್ಕೆ ಗೋಣಿ ಹಾಸಿ ಹುಳುಮನೆಯ ಮುಂದಿನ ಜಗಲಿಯಲ್ಲಿಟ್ಟು, ತಟ್ಟೆಯಲ್ಲಿ ಹಾಲು ಬಿಟ್ಟೆ. ಅಕ್ಕ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕಣ್ಣು ಒರೆಸಿದಳು. ಆ ದಿನ ಅದು ನಾಲ್ಕು ಗುಟುಕು ಹಾಲು ನೆಕ್ಕಿತು.

ಮಾರನೆಯ ದಿನ ನೋಡಿದರೆ ತಟ್ಟೆಯ ಹಾಲು ಹಾಗೇ ಇತ್ತು. ಮರಿ ಬುಟ್ಟಿಯ ಮೂಲೆಯಲ್ಲಿ ಕಾಲು ಮಡಚಿ, ಕತ್ತು ಮುಂದಕ್ಕೆ ಚಾಚಿ, ಅಲ್ಲಾಡದೆ ಕೂತಿತ್ತು. ಮುಟ್ಟಿದರೆ ಮೈ ಕಾಯುತ್ತಿತ್ತು. ಬುಸ್ ಎನ್ನುವುದನ್ನೂ ಬಿಟ್ಟಿತ್ತು. ಅದೇ ಬೆಳಿಗ್ಗೆ ಒಳಗೆ ನನ್ನ ಹುಳುಗಳೂ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅಟ್ಟಣಿಗೆಯ ತುಂಬ ತಲೆ ಎತ್ತಿ ಕೂತ ಹುಳು ನೋಡಿಕೊಂಡು ಹೊರಗೆ ಬಂದವನ ಕಣ್ಣಿಗೆ ಈ ಮರಿಯೂ ಹಾಗೇ ಕಂಡಿತು. ಈಗ ನೆನೆದರೆ ನನಗೇ ನಂಬಿಕೆ ಬರುವುದಿಲ್ಲ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು, ಜ್ವರ. ಆ ಮಾತಿಗೆ ಏನು ಮಾಡಬೇಕೆಂದು ನನ್ನ ಕೈಗೆ ಗೊತ್ತಿತ್ತು.

"ಆಲು ಕುಡಿದಿಲ್ವಲ್ಲಣ್ಣ," ಎಂದಳು ಅಕ್ಕ.

"ಜ್ವರಕ್ಕೆ ಕುಂತದೆ ಕಣಕ್ಕ. ಮುಟ್ಬೇಡ. ಎದ್ಮೇಲೆ ತಾನೇ ಕುಡೀತದೆ."

ಅವಳು ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು, ಬಾಯಿಯ ಕೊನೆಯಲ್ಲಿ ನಗು ಬಂತು. ನಾನು ಹಾಲಿನ ತಟ್ಟೆ ಎತ್ತಿ ಗಿಡದ ಬುಡಕ್ಕೆ ಸುರಿದಾಗ ಆ ನಗು ಹೋಯಿತು.

"ಅದು ಉಳ ಅಲ್ಲ ಕಣಣ್ಣ, ಕೊತ್ತಿ," ಎಂದಳು. "ಮೂಗು ಕಟ್ಕಂಡದೆ. ನಂಗ್ ಕೊಡು, ಮನೇಗೆ ತಕಂಡೋಗಿ ಒಸಿ ಮೀನಿನ ಸಾರು ಕುಡಿಸ್ತೀನಿ."

ಮೀನು ಎಂದದ್ದು ನನ್ನ ಕಿವಿಗೆ ಚುಚ್ಚಿತು. ನಾವು ಲಿಂಗ ಕಟ್ಟಿದವರು, ನಮ್ಮ ಹೊಸಿಲಿನೊಳಗೆ ಮೀನಿನ ವಾಸನೆ ಬಂದದ್ದಿಲ್ಲ. ಹುಳುಮನೆಗಂತೂ ಯಾವ ಗಾಢ ವಾಸನೆಯೂ ಸುಳಿಯಬಾರದು ಎಂದು ನಾನು ಬಂದವರಿಗೆಲ್ಲ ಪಾಠ ಹೇಳುವವನು. ಮೀನು ಮುಟ್ಟಿದ ಬೆಕ್ಕು ನಾಳೆ ಇದೇ ಜಗಲಿಯಲ್ಲಿ ಓಡಾಡಬೇಕಲ್ಲ. ಇದಿಷ್ಟನ್ನೂ ಅವಳಿಗೆ ನೆಟ್ಟಗೆ ಹೇಳಿದ್ದರೆ ಅದೊಂದು ಮಾತು. ನಾನು ಅದನ್ನು ಹೇಳಲಿಲ್ಲ. "ಇಪ್ಪತ್ತೈದು ವರ್ಸದಿಂದ ಸಾಕ್ತಾವ್ನಿ, ನಂಗೆ ಏಳ್ಕೊಡಕ್ ಬಂದಾ? ಓಗು, ಸೊಪ್ಪು ನೋಡೋಗು," ಎಂದು ರೇಗಿದೆ. ಅವಳು ಕುಡುಗೋಲು ತೆಗೆದುಕೊಂಡು ಹೋದಳು.

ಆಮೇಲೆ ಹುಳುಗಳಿಗೆ ಸುಣ್ಣದ ಪುಡಿ ಹಾಕಿದೆ. ಜರಡಿಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಮಳೆಗೆ ಗೋಣಿ ತೇವವಾಗಿದೆ, ಮರಿಗೆ ಶೀತ ಇನ್ನೂ ಹೆಚ್ಚಾದೀತು ಎಂದುಕೊಂಡು ಅದನ್ನು ತಂದು ಬುಟ್ಟಿಯೊಳಗೆ, ಮರಿಯ ಸುತ್ತ ಉದುರಿಸಿದೆ. ಮರಿ ಸೀನಿತು. ಸೀನಿ ಸೀನಿ ಬಿದ್ದುಹೋಗುವ ಹಾಗಾಯಿತು. ಒಳಗಿನ ಶೀತ ಹೊರಗೆ ಬರುತ್ತಿದೆ ಎಂದು ನಾನು ಸಮಾಧಾನಪಟ್ಟೆ.

ಒಂದೂವರೆ ದಿನಕ್ಕೆ ಹುಳುಗಳು ಎದ್ದವು. ಸೊಪ್ಪು ಹಾಕಿದರೆ ಸೋನೆ ಮಳೆ ಬಿದ್ದ ಹಾಗೆ ತಿನ್ನುವ ಸದ್ದು. ಆ ಸದ್ದು ಕೇಳಿ ಖುಷಿಯಾಗಿ ಜಗಲಿಗೆ ಬಂದೆ. ಮರಿ ಎದ್ದಿರಲಿಲ್ಲ. ಕೂತಲ್ಲೇ ಒಂದು ಪಕ್ಕಕ್ಕೆ ವಾಲಿತ್ತು. ಈಗ ಎರಡು ಕಣ್ಣೂ ಅಂಟಿದ್ದವು, ಬಾಯಿ ತೆರೆದುಕೊಂಡು ಉಸಿರಾಡುತ್ತಿತ್ತು. ಬೆನ್ನಿನ ಮೇಲೆ ಕೈಯಿಟ್ಟೆ. ಮೂಳೆ ಒಂದೊಂದಾಗಿ ಕೈಗೆ ಸಿಕ್ಕಿತು. ಇನ್ನೂ ಸ್ವಲ್ಪ ಹೊತ್ತು ನೋಡೋಣ ಎಂದುಕೊಂಡೆ. ತಪ್ಪು ಗೊತ್ತಾದ ಮೇಲೂ ಹಾಗೆ ಅಂದುಕೊಂಡೆ. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆಗಲೇ ಹಾಲು ಇಟ್ಟರೆ ಅಕ್ಕನ ಮಾತು ಸರಿ ಎಂದಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಬಂದವಳೇ ಬುಟ್ಟಿಯ ಹತ್ತಿರ ಕುಕ್ಕರಿಸಿದಳು. ನನ್ನನ್ನು ಏನೂ ಕೇಳಲಿಲ್ಲ. ಮರಿಯನ್ನು ಎತ್ತಿ ಎದೆಗೆ ಹಿಡಿದುಕೊಂಡು, "ಕೊಳ್ಳೇಗಾಲಕ್ಕೆ ಓಗವ, ದನಿನ ಆಸ್ಪತ್ರೆಗೆ. ಬತ್ತೀಯೋ ನಾನೇ ಓಗ್ಲೋ?" ಎಂದಳು. ಹೋದೆವು.

ಯಳಂದೂರು ಕಡೆಯಿಂದ ಬಂದ ಬಸ್ಸಿನಲ್ಲಿ ಅವಳು ಮಧ್ಯದ ಸೀಟಿನಲ್ಲಿ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಮುಂದೆ ಹೋಗಿ ಕೂತೆ. ಪಟ್ಟಣದಲ್ಲಿ ನನ್ನನ್ನು ಬಲ್ಲವರು ಬೇಕಾದಷ್ಟು ಜನ. ಹಸು ಕರು ಹಿಡಿದುಕೊಂಡು ಹೋಗುವುದಾದರೆ ಸರಿ, ಈ ವಯಸ್ಸಿನಲ್ಲಿ ಬೆಕ್ಕಿನ ಮರಿ ಹೊತ್ತುಕೊಂಡು ಆಸ್ಪತ್ರೆಗೆ ಹೊರಟಿದ್ದಾನೆ ಎಂದು ನಕ್ಕಾರು ಎಂದು ನನಗೆ ಅಳುಕು.

ಅಂದುಕೊಂಡಂತೆಯೇ ಆಸ್ಪತ್ರೆಯ ಕಟ್ಟೆಯ ಮೇಲೆ ಗೂಡಿನ ಮಾರುಕಟ್ಟೆಯ ಇಬ್ಬರು ಸಿಕ್ಕಿದರು. ಎಮ್ಮೆ ಹಿಡಿದುಕೊಂಡು ಬಂದಿದ್ದರು. ಹೋದ ವರ್ಷವಷ್ಟೇ ಅವರ ಹುಳು ಕೆಟ್ಟಾಗ ನಾನು ಹೋಗಿ ಬುದ್ಧಿ ಹೇಳಿ ಬಂದಿದ್ದೆ. ನಮಸ್ಕಾರ ಹಾಕಿ ಎದ್ದು ನಿಂತರು. ನಮ್ಮ ಸರದಿ ಬಂದಾಗ ಅವರೂ ಕುತೂಹಲಕ್ಕೆ ಬಾಗಿಲವರೆಗೆ ಬಂದರು.

ಡಾಕ್ಟರು ಇನ್ನೂ ಚಿಕ್ಕ ಪ್ರಾಯದವರು. ಮರಿಯನ್ನು ಮೇಜಿನ ಮೇಲಿಟ್ಟು ಕಣ್ಣು ಬಿಡಿಸಿ ನೋಡಿದರು. ಬಾಯಿ ನೋಡಿದರು. ಬೆನ್ನ ಮೇಲೆ ಕೈಯಾಡಿಸಿ ಬೆರಳನ್ನು ಮೂಗಿನ ಹತ್ತಿರ ತಂದರು. ಬೆರಳು ಬೆಳ್ಳಗಾಗಿತ್ತು.

"ಇದೇನು, ಸುಣ್ಣಾನಾ?"

ಡಾಕ್ಟರು ಬೆರಳನ್ನು ಬಟ್ಟೆಗೆ ಒರೆಸಿಕೊಂಡರು.

"ಎಷ್ಟು ದಿನ ಆಯ್ತು ಹೊಟ್ಟೆಗೆ ಹಾಕಿ?"

"ಎರ್ಡ್ ದಿನ ಸಾ," ಎಂದೆ.

"ಇದಕ್ಕೆ ಬಂದಿರೋದು ಬರೀ ನೆಗಡಿ ಕಣ್ರಿ. ಮೂಗು ಕಟ್ಟಿದ್ರೆ ಬೆಕ್ಕಿಗೆ ವಾಸನೆ ಗೊತ್ತಾಗಲ್ಲ, ವಾಸನೆ ಗೊತ್ತಾಗದೆ ಅದು ತಿನ್ನಲ್ಲ. ಬಿಸಿ ಮಾಡಿ, ಘಮ ಬರೋ ಅಂಥದ್ದು ಬಾಯಿ ಹತ್ರ ಹಿಡೀಬೇಕು. ನೆಗಡೀಲಿ ಸಾಯ್ತಿರಲಿಲ್ಲ ಇದು, ಹಸಿವಿಗೆ ಸಾಯೋ ಹಾಗಾಗಿದೆ. ಸುಣ್ಣ ಬೇರೆ ಮೂಗಿಗೆ ಹೋಗಿದೆ. ಯಾರು ಈ ಕೆಲಸ ಮಾಡಿದ್ದು?"

ಬಾಗಿಲಲ್ಲಿ ಆ ಇಬ್ಬರು ನಿಂತಿದ್ದರು. ಸುಣ್ಣ ಎಂದ ಕೂಡಲೇ ಅವರಿಗೆ ಎಲ್ಲ ಅರ್ಥವಾಗಿಬಿಡುತ್ತದೆ ಎಂದು ನನಗೆ ಹೊಳೆಯಿತು. ಬೆಕ್ಕನ್ನು ಜ್ವರಕ್ಕೆ ಕೂರಿಸಿದವನು ಎಂದು ಮಾರುಕಟ್ಟೆಯಲ್ಲಿ ಹೆಸರು ಬೀಳುತ್ತದೆ, ಸಾಯುವವರೆಗೂ ಅದು ಅಳಿಸುವುದಿಲ್ಲ. ನಾನು ಯೋಚಿಸಿ ಹೇಳಿದೆನೋ, ಬಾಯಿ ತಾನೇ ಹೇಳಿತೋ ಗೊತ್ತಿಲ್ಲ. ಕೈ ಮಾತ್ರ ಅವಳ ಕಡೆ ತೋರಿಸಿತು.

"ಇವ್ಳು ಸಾ. ನಮ್ ಕೆಲ್ಸದವ್ಳು. ಇವ್ಳೇ ನೋಡ್ಕಳಾದು."

ಮೂವತ್ತು ವರ್ಷ ಅಕ್ಕ ಎಂದ ಬಾಯಿ ಅದು.

ಅವಳು ನನ್ನನ್ನು ಒಂದು ಸಲ ನೋಡಿದಳು. ಕೋಪವಿದ್ದಿದ್ದರೆ ಚೆನ್ನಾಗಿರುತ್ತಿತ್ತು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಎಷ್ಟೋ ದಿನದಿಂದ ಅನುಮಾನವಿದ್ದ ಒಂದು ವಿಷಯ ಇವತ್ತು ಖಾತ್ರಿಯಾಯಿತು ಎನ್ನುವ ಹಾಗಿತ್ತು. ಡಾಕ್ಟರು ಅವಳಿಗೆ ಚೆನ್ನಾಗಿ ಬೈದರು. ತಲೆ ಇಲ್ವಾ, ಮಕ್ಕಳನ್ನ ಸಾಕಿಲ್ವಾ, ಬಾಯಿಲ್ಲದ ಪ್ರಾಣಿಗೆ ಹೀಗಾ ಮಾಡೋದು ಎಂದರು. ಅವಳು ಕೈ ಕಟ್ಟಿಕೊಂಡು ಕೇಳಿದಳು. ಕೊನೆಗೆ, "ತಪ್ಪಾಯ್ತು ಸಾ," ಎಂದಳು.

ನಾನು ಗೋಡೆಯ ಮೇಲಿದ್ದ ದನದ ಚಿತ್ರ ನೋಡುತ್ತ ನಿಂತಿದ್ದೆ.

ಡಾಕ್ಟರು ಸೂಜಿ ಹಾಕಿ, ಕಣ್ಣಿಗೆ ಬಿಡುವ ಔಷಧಿ ಕೊಟ್ಟು, ಹೇಗೆ ಒರೆಸಬೇಕು ಎಂದು ಅವಳಿಗೇ ತೋರಿಸಿದರು. ಚೀಟಿಯಲ್ಲಿ ಬರೆಯಲು ಹೆಸರು ಕೇಳಿದರು. ಅವಳು ತನ್ನ ಹೆಸರು ಹೇಳಿದಳು. ಬಾಗಿಲಲ್ಲಿದ್ದವರಲ್ಲಿ ಒಬ್ಬ ಹೊರಗೆ ಬರುವಾಗ ನನ್ನ ಭುಜ ತಟ್ಟಿ, "ಕೆಲ್ಸದೋರ್ನ ನಂಬ್ಕಂಡ್ರೆ ಇಂಗೇ ಕಣ್ರಿ," ಎಂದ. ನಾನು ಹೂಂ ಎಂದೆ. ಅವಳಿಗೆ ಕೇಳಿಸಿರಬೇಕು, ಎರಡೇ ಹೆಜ್ಜೆ ಹಿಂದಿದ್ದಳು.

ವಾಪಸ್ಸು ಬರುವ ಬಸ್ಸು ಖಾಲಿಯಿತ್ತು. ನಾನು ಬಾಗಿಲ ಹತ್ತಿರ ಕಂಬಿ ಹಿಡಿದುಕೊಂಡೇ ನಿಂತೆ. ಊರಿನ ತಿರುವಿನಲ್ಲಿ ಇಳಿದಾಗ ಅವಳು ತೋಟದ ಕಡೆ ತಿರುಗಲಿಲ್ಲ. ಕಾಲುವೆಯ ಕಡೆ ತಿರುಗಿದಳು.

"ಎಲ್ಗಕ್ಕ?" ಎಂದೆ.

"ಕರುವಾಡು ಅದೆ ಮನೇಲಿ. ಸುಟ್ಟು ನೀರಲ್ಲಿ ಕಿವುಚಿ ಕೊಟ್ರೆ ವಾಸ್ನೆ ಇಡೀತದೆ," ಎಂದಳು. ಒಣಮೀನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಎರಡು ಹೆಜ್ಜೆ ಹೋಗಿ ತಿರುಗಿ, "ಮದ್ಯಾನ್ದ ಮೇಲೆ ಸೊಪ್ಪಿಗೆ ಬತ್ತೀನಿ ಸಾ," ಎಂದಳು.

ಆ ಸಾ ಎಂಬುದನ್ನು ಮೊದಲ ಸಲ ಕೇಳಿದಾಗ, ಡಾಕ್ಟರಿಗೆ ಅಂದ ಮಾತು ಅಭ್ಯಾಸಕ್ಕೆ ಬಂದಿರಬೇಕು ಎಂದುಕೊಂಡೆ. ಮಾರನೆಯ ದಿನವೂ ಸಾ ಎಂದಳು. ಅದರ ಮಾರನೆಯ ದಿನವೂ. ಕೊಯ್ದ ಸೊಪ್ಪು ಎಲ್ಲಿ ಹಾಕ್ಲಿ ಸಾ, ನೀರು ಬಿಡ್ಲಾ ಸಾ. ದನಿಯಲ್ಲಿ ಕೊಂಕು ಇರಲಿಲ್ಲ, ಕೆಲಸದಲ್ಲಿ ಕಡಿಮೆ ಇರಲಿಲ್ಲ. ಮರಿ ಹೇಗಿದೆ ಎಂದು ಕೇಳಿದರೆ, "ಅದೆ ಸಾ," ಎನ್ನುತ್ತಿದ್ದಳು. ನಾಲ್ಕನೇ ದಿನಕ್ಕೆ, "ಉಂಡ್ತು ಸಾ," ಎಂದಳು. ಅವತ್ತು ನನಗೆ ಬೇಲಿಯ ಮರೆಗೆ ಹೋಗಿ ಕಣ್ಣೊರೆಸಿಕೊಳ್ಳುವಂತಾಯಿತು. ಮರಿ ಉಳಿಯಿತು ಎಂಬ ಸಂತೋಷವೇ ಅದು ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳೆ ಮುಗಿಯಿತು, ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದೆವು. ನನ್ನ ಹೆಂಡತಿ ಹನೂರಿನಿಂದ ಬಂದಳು. ಬಂದ ಎರಡನೇ ದಿನವೇ, "ಅವ್ಳು ಯಾಕೆ ನಿಮ್ಮುನ್ನ ಸಾ ಅಂತಾಳೆ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಎಂದೂ ಬಾಯಿಗೆ ಬಾರದ ಆ ಮಾತು ಅವತ್ತು ಎಷ್ಟು ಸಲೀಸಾಗಿ ಬಂತು.

ನಡೆದ ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಅದೇ ಡಾಕ್ಟರು ಊರಿಗೆ ಬಂದರು. ನಮ್ಮ ಹಸುವಿಗೆ ಸೂಜಿ ಹಾಕಿ ಕೈ ತೊಳೆಯುವಾಗ, "ಬೆಕ್ಕಿನ ಮರಿ ಬದುಕ್ತಾ? ಆ ಹೆಂಗಸಿಗೆ ಬುದ್ಧಿ ಬಂತಾ?" ಎಂದು ಕೇಳಿದರು. ಹಟ್ಟಿಯಲ್ಲಿ ನಾನು, ಅವರು, ಹಸು ಬಿಟ್ಟರೆ ಯಾರೂ ಇರಲಿಲ್ಲ. ನಗುವವರು ಇರಲಿಲ್ಲ, ಮಾರುಕಟ್ಟೆ ಇರಲಿಲ್ಲ. "ಬಂದದೆ ಸಾ," ಎಂದೆ. ಮೊದಲನೆಯ ಸುಳ್ಳಿಗೆ ಗಾಬರಿ ಎಂಬ ನೆಪವಾದರೂ ಇತ್ತು.

ಅವತ್ತು ಸಂಜೆ ಕಾಲುವೆ ದಾಟಿ ಅವಳ ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಅವಳ ಮನೆಯ ಮುಂದೆ ನಿಂತದ್ದು ಅದೇ ಮೊದಲು. ಮರಿ ಬೆಳೆದಿತ್ತು. ಜಗಲಿಯ ಮೇಲೆ ಅವಳ ಕಾಲಿಗೆ ಒರಗಿಕೊಂಡು ಕೂತಿತ್ತು. ನನ್ನನ್ನು ಕಂಡದ್ದೇ ಮೈ ಉಬ್ಬಿಸಿ ಬುಸ್ ಎಂದು ಅವಳ ಸೀರೆಯ ನೆರಿಗೆಯ ಹಿಂದೆ ಸೇರಿತು. ನಾನು ಹೋದದ್ದು ತಪ್ಪೊಪ್ಪಿಕೊಳ್ಳುವುದಕ್ಕೆ. ಬಾಯಿಗೆ ಬಂದದ್ದು ಬೇರೆ.

"ಉಳುಮನೇಲಿ ಇಲಿ ಜಾಸ್ತಿ ಆಗವೆ ಕಣಕ್ಕ. ಮರಿ ಕಳಿಸ್ಕೊಡು."

ಅವಳು ಒಳಗೆ ಹೋಗಿ ಮಡಚಿದ ಚೀಟಿಯೊಂದನ್ನು ತಂದು ನನ್ನ ಮುಂದೆ ಹಿಡಿದಳು. ಆಸ್ಪತ್ರೆಯ ಚೀಟಿ.

"ನಂಗೆ ಓದಕ್ ಬರಾಕಿಲ್ಲ. ನನ್ನೆಸ್ರು ಅದೆ ಅಲ್ವಾ ಇದ್ರಲ್ಲಿ?"

"ಅದೆ."

"ಇದ್ನ ನೋಡ್ಕಳೋಳು ನಾನೇ ಅಂತ ನೀವೇ ಏಳುದ್ರಲ್ಲ ಸಾ. ನಾನೇ ನೋಡ್ಕತೀನಿ."

ಚೀಟಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಗ ನನಗೆ ತಡೆಯಲಾಗಲಿಲ್ಲ. ಅವತ್ತು ತಪ್ಪು ನಂದು, ಹಾಲು ಚೆಲ್ಲಿದ್ದು ನಾನು, ಸುಣ್ಣ ಹಾಕಿದ್ದು ನಾನು, ನಿನ್ನ ಮೇಲೆ ಸುಳ್ಳು ಹೇಳಿದೆ ಎಂದು ಉಸಿರು ಕಟ್ಟಿದವನ ಹಾಗೆ ಹೇಳಿ ಮುಗಿಸಿದೆ. ಅವಳು ಬೆಕ್ಕಿನ ಕಿವಿಯ ಹಿಂದೆ ಕೆರೆಯುತ್ತ ಪೂರ್ತಿ ಕೇಳಿದಳು.

"ನಂಗ್ಯಾಕೆ ಏಳ್ತೀರ ಸಾ," ಎಂದಳು. "ನಾನು ಅಲ್ಲೇ ಇದ್ನಲ್ಲ."

"ಆಸ್ಪತ್ರೆಗೆ ಓಗವ ಬಾ. ನಿನ್ ಮುಂದೇನೇ ಡಾಕ್ಟ್ರಿಗೆ ಏಳ್ತೀನಿ."

"ನಾನ್ ಬರಾಕಿಲ್ಲ. ನಾನ್ ಇದ್ರೆ ತಾನೆ ನೀವು ನನ್ ಕಡೆ ಕೈ ತೋರ್ಸಾದು. ನೀವೇ ಓಗ್ಬನ್ನಿ."

ವಾರದ ಮೇಲೆ ಒಬ್ಬನೇ ಕೊಳ್ಳೇಗಾಲಕ್ಕೆ ಹೋದೆ. ಆಸ್ಪತ್ರೆಯಲ್ಲಿ ಜನ ಇದ್ದರು. ಎಲ್ಲರೂ ಹೋಗಲಿ ಎಂದು ಕಾಯುವ ಆಸೆಯಾಯಿತು. ಕಾಯದೆ ಒಳಗೆ ಹೋಗಿ ಮೇಜಿನ ಮುಂದೆ ನಿಂತು ಹೇಳಿದೆ. ಹುಳದ ಜ್ವರ, ಹಾಲು, ಸುಣ್ಣ, ಎಲ್ಲವನ್ನೂ. ಹಿಂದೆ ಯಾರೋ ನಕ್ಕರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಆಯಮ್ಮ ಎಲ್ಲಿ?" ಎಂದರು. "ನಾನು ಬೈದದ್ದು ಅವರಿಗಲ್ವಾ?"

ನಾನು ಕೈ ಮುಗಿದು ಹೊರಬಿದ್ದೆ. ಬಸ್ಸು ಹಿಡಿದು ಬಂದೆ. ಅವಳು ತೋಟದ ನಡುವೆ ಬಗ್ಗಿ ಸೊಪ್ಪು ಕೊಯ್ಯುತ್ತಿದ್ದಳು. ಬದುವಿನ ಮೇಲೆ ನಿಂತು, "ಡಾಕ್ಟ್ರಿಗೆ ಏಳ್ಬಂದೆ ಕಣಕ್ಕ," ಎಂದೆ. ಅವಳು ನೆಟ್ಟಗಾಗಿ, ಸೊಂಟಕ್ಕೆ ಕೈ ಕೊಟ್ಟು, ಹಣೆಯ ಬೆವರು ಒರೆಸಿಕೊಂಡಳು. ಅಣ್ಣ ಎನ್ನುತ್ತಾಳೇನೋ ಎಂದು ಕಾದೆ.

"ಆಯ್ತು ಸಾ," ಎಂದು ಮತ್ತೆ ಬಗ್ಗಿದಳು.